ಕಿವಿಯ ಬಳಿ ಹಿಡಿದ ಮೇಣದಬತ್ತಿ

ನಮ್ಮ ಬೀದಿಯಲ್ಲಿ ಯಾರಿಗಾದರೂ ಕೊನೆಯ ಹೊತ್ತು ಬಂತೆಂದರೆ ಮೊದಲು ಡಾಕ್ಟರನ್ನು ಕರೆಯುತ್ತಿದ್ದರು, ಆಮೇಲೆ ಫಾದರನ್ನು, ಅದಾದ ಮೇಲೆ ಕಾಜಾ ಅತ್ತೆಯನ್ನು. ಡಾಕ್ಟರು ಕೈಚೆಲ್ಲಿ ಹೊರಟುಬಿಡುತ್ತಿದ್ದರು. ಫಾದರ್ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ, ಕೊನೆಯ ಸಂಸ್ಕಾರ ಕೊಟ್ಟು, ಇನ್ನೊಂದು ಕಡೆಯ ಪೂಜೆಗೆ ಹೋಗುತ್ತಿದ್ದರು. ಕಾಜಾ ಅತ್ತೆ ಮಾತ್ರ ಮಂಚದ ಪಕ್ಕ ಕೂತುಬಿಡುತ್ತಿದ್ದರು. ಉಸಿರು ನಿಲ್ಲುವವರೆಗೂ ಕೂರುವುದು ಅವರ ಪಾಲಿಗೆ ಬಿಟ್ಟ ಕೆಲಸವಾಗಿತ್ತು.

ಅವರ ಹೊಟ್ಟೆಪಾಡಿನ ಕೆಲಸ ಬೇರೆ. ಅಂಗಿಗಳಿಗೆ ಗುಂಡಿ ತೂರುವ ತೂತು ಇರುತ್ತದಲ್ಲ, ಅದಕ್ಕೆ ಟೈಲರುಗಳು ಕಾಜಾ ಎನ್ನುತ್ತಾರೆ. ಬಟ್ಟೆಯನ್ನು ಸಣ್ಣಗೆ ಸೀಳಿ, ಸೀಳಿನ ಅಂಚಿನ ಸುತ್ತ ನೂಲಿನ ಗಂಟುಗಳನ್ನು ಒಂದಕ್ಕೊಂದು ಒತ್ತಾಗಿ ಕೂರಿಸಬೇಕು. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಅತ್ತೆ ಮಾಡಿದ್ದು ಅದೊಂದೇ. ಬೆಳಿಗ್ಗೆ ಟೈಲರ್ ಅಂಗಡಿಯಿಂದ ಅಂಗಿಗಳ ಗಂಟು ತರುವರು, ಕಿಟಕಿಯ ಪಕ್ಕ ಕೂರುವರು, ಸಂಜೆ ವಾಪಸು ಕೊಡುವರು. ಅಂಗಡಿಯಲ್ಲಿ ಚೌಕಾಸಿ ಮಾಡುವುದಕ್ಕೂ ನಾಚುವ ಹೆಂಗಸು. ಯಾರಾದರೂ ಜೋರಾಗಿ ಮಾತಾಡಿಸಿದರೆ ಉತ್ತರ ಬಾಯೊಳಗೇ ಉಳಿದುಬಿಡುತ್ತಿತ್ತು.

ಅಂಥವರು ಪ್ರಾರ್ಥನೆ ಹೇಳಿಸಲು ಶುರು ಮಾಡಿದ್ದೂ ಒಂದು ಕತೆಯೇ. ಅವರ ಗಂಡನ ತಾಯಿ ತೀರಿಕೊಂಡ ದಿನ ಮನೆ ತುಂಬ ಜನ, ಆದರೆ ಎಲ್ಲರೂ ಅಳುವವರೇ. ಜಪಸರ ಹಿಡಿದು ಮೊದಲ ಮಾತು ಎತ್ತುವವರು ಯಾರೂ ಇಲ್ಲ. ಮೂಲೆಯಲ್ಲಿ ಕೂತಿದ್ದ ಈ ಹೊಸ ಸೊಸೆ ತಲೆಯೆತ್ತದೆಯೇ "ಸ್ವಾಮೀ, ನಿತ್ಯ ವಿಶ್ರಾಂತಿಯನ್ನು ಇವರಿಗೆ ದಯಪಾಲಿಸಿ" ಎಂದಳಂತೆ. ಎಲ್ಲರಿಗೂ ಆಶ್ಚರ್ಯ. ಮಾತಾಡುವಾಗ ನಡುಗುವ ದನಿ ಪ್ರಾರ್ಥನೆಯಲ್ಲಿ ನಡುಗಲಿಲ್ಲ. "ನಿತ್ಯ ಬೆಳಕು ಇವರ ಮೇಲೆ ಪ್ರಕಾಶಿಸಲಿ" ಎಂದು ಮನೆಯೆಲ್ಲ ಉತ್ತರ ಕೊಟ್ಟಿತು. ಅಂದಿನಿಂದ ಯಾರ ಮನೆಯಲ್ಲಿ ಸಾವಾದರೂ ಕರೆ ಬರತೊಡಗಿತು.

ಮೆಲ್ಲಮೆಲ್ಲಗೆ ಇನ್ನೊಂದು ಹೆಸರೂ ಬಂತು. ಜೀವ ಹೋದದ್ದು ಅತ್ತೆಗೆ ತಪ್ಪದೆ ಗೊತ್ತಾಗುತ್ತದೆ ಎಂದು. ಅದಕ್ಕೆ ಅವರದೊಂದು ಕ್ರಮವಿತ್ತು. ಸಾಯುವವರ ಕೈಯಲ್ಲಿ ಹಿಡಿಸಿರುವ ಮಂತ್ರಿಸಿದ ಮೇಣದಬತ್ತಿಯನ್ನು ತೆಗೆದುಕೊಂಡು ಮೂಗಿನ ಕೆಳಗೆ ಹಿಡಿಯುವರು. ಕುಡಿ ಅಲುಗಿದರೆ ಉಸಿರಿದೆ. ಅಲುಗದಿದ್ದರೆ, ಒಂದು 'ನಮೋ ಮರಿಯಾ' ಮನಸ್ಸಿನಲ್ಲೇ ಹೇಳಿಕೊಂಡು ಮತ್ತೆ ನೋಡುವರು. ಆಗಲೂ ಅಲುಗದಿದ್ದರೆ ಮಾತ್ರ 'ನಿತ್ಯ ವಿಶ್ರಾಂತಿ' ಎತ್ತುವರು. ಅದು ಕಿವಿಗೆ ಬಿದ್ದ ಕೂಡಲೇ ಚರ್ಚಿನ ಗಂಟೆ ಮಾಮ ಎದ್ದು ಓಡುವರು, ಸಾವಿನ ಗಂಟೆ ಹೊಡೆಯುವರು. ಗಂಟೆ ಕೇಳಿದವರು ಇದ್ದಲ್ಲೇ ನಿಂತು ಹೋದ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಹೇಳುವರು. ಹೊಸದಾಗಿ ಹೊರಟ ಆತ್ಮಕ್ಕೆ, ಸ್ವರ್ಗಕ್ಕೆ ಮುಂಚೆ ಪಾಪ ತೊಳೆದುಕೊಳ್ಳುವ ಶುದ್ಧೀಕರಣ ಸ್ಥಳದ ದಾರಿಯಲ್ಲಿ ಅದೇ ಮೊದಲ ಬುತ್ತಿ ಎಂದು ಅತ್ತೆ ಹೇಳುತ್ತಿದ್ದರು.

ಹಾಗೆ ನಡೆದುಕೊಂಡು ಬಂದದ್ದು ಬೇಕರಿ ಅಣ್ಣನ ವಿಷಯದಲ್ಲಿ ಕೆಟ್ಟುಹೋಯಿತು.

ಬೇಕರಿ ಅಣ್ಣ ಎಂದರೆ ಚರ್ಚಿನ ಎದುರಿನ ಬ್ರೆಡ್ ಅಂಗಡಿಯ ಯಜಮಾನರು. ವಯಸ್ಸಾದವರು, ಆದರೂ ಬೀದಿಗೆಲ್ಲ ಅಣ್ಣನೇ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಮಗಳು ಅಂಗಡಿ ನೋಡಿಕೊಳ್ಳುತ್ತಿದ್ದರು. ಎದೆಯಲ್ಲಿ ನೀರು ತುಂಬಿ ಅಣ್ಣ ಹಾಸಿಗೆ ಹಿಡಿದರು. ಡಾಕ್ಟರು ತಲೆಯಾಡಿಸಿದರು. ಫಾದರ್ ಬಂದು ಹೋದರು. ಮಧ್ಯಾಹ್ನದ ಹೊತ್ತಿಗೆ ಮಗಳು ಅತ್ತೆಯ ಕಿಟಕಿಯ ಬಳಿ ಬಂದು, "ಅತ್ತೆ, ಬನ್ನಿ. ಅಪ್ಪ ಕರೆದ್ರೆ ಓ ಅಂತಿಲ್ಲ" ಎಂದರು.

ಅತ್ತೆ ಆಗ ಒಂದು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಅದು ಅವತ್ತು ಬೆಳಿಗ್ಗೆ ಟೈಲರ್ ವಾಪಸು ಕೊಟ್ಟಿದ್ದ ಅಂಗಿ.

"ಅತ್ತೆ, ಇದು ಕಾಜಾನಾ, ಇಲಿ ಕಡಿದಿದ್ದಾ?" ಎಂದು ಟೈಲರ್ ಅಂಗಡಿಯಲ್ಲೇ ನಗಾಡಿದ್ದ. "ಗುಂಡಿ ಒಂದು ಕಡೆ, ತೂತು ಒಂದು ಕಡೆ. ಹಾಕ್ಕೊಂಡೋರು ಡೊಂಕಾಗಿ ನಡೀಬೇಕು ಅಷ್ಟೆ."

"ದಾರ ಸರಿಯಿಲ್ಲಪ್ಪ" ಎಂದಿದ್ದರು ಅತ್ತೆ.

ದಾರ ಸರಿಯಾಗಿಯೇ ಇತ್ತು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಿಟಕಿ ಬೆಳಕಿನಲ್ಲಿ ಬಟ್ಟೆಯ ಬಣ್ಣ ಕಾಣುತ್ತಿತ್ತು, ನೂಲು ಕಾಣುತ್ತಿರಲಿಲ್ಲ. ಬೆರಳ ತುದಿಯ ಅಭ್ಯಾಸದ ಮೇಲೆ ಹೊಲಿಯುತ್ತಿದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಟೈಲರ್ ಕಾಜಾ ಹಾಕುವ ಮಿಷನ್ನು ತರಿಸುತ್ತಾನೆ, ಆಮೇಲೆ ತಮ್ಮನ್ನು ಯಾರು ಕೇಳುತ್ತಾರೆ ಎಂಬ ಅಳುಕು. ಎದುರು ಬಂದವರ ಮುಖ ಗುರುತು ಸಿಗದಿದ್ದರೆ ದನಿ ಕೇಳುವವರೆಗೂ ನಗುತ್ತಾ ನಿಲ್ಲುವುದನ್ನು ಕಲಿತಿದ್ದರು.

ಬೇಕರಿಯ ಹಿಂದಿನ ಕೋಣೆ ಸಣ್ಣದು. ಗೋಡೆಯಾಚೆಯೇ ಒಲೆ ಇದ್ದದ್ದರಿಂದ ಯಾವಾಗಲೂ ಬೆಚ್ಚಗಿರುತ್ತಿತ್ತು, ಎಲ್ಲದರ ಮೇಲೂ ಹಿಟ್ಟಿನ ತೆಳು ಪುಡಿ. ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಪರದೆ ಎಳೆದಿದ್ದರು. ಅಕ್ಕಪಕ್ಕದವರು ಬಾಗಿಲವರೆಗೂ ಮಂಡಿಯೂರಿದ್ದರು. ಬೇಕರಿಯ ಕೆಲಸದವರೂ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು. ಅತ್ತೆ ಮಂಚದ ಪಕ್ಕ ಕೂತು ಜಪಸರ ಹೇಳಿಸಿದರು, ಅಣ್ಣನ ಕಿವಿಯಲ್ಲಿ ಯೇಸು, ಮರಿಯಾ, ಜೋಸೆಫ್ ಎಂದು ನಾಮ ಹೇಳಿದರು. ಅಣ್ಣನ ಗೊರಗೊರ ಉಸಿರು ಒಂದು ಹೊತ್ತಿನಲ್ಲಿ ಕೇಳದಾಯಿತು.

"ಹೋದ್ರಾ ಅತ್ತೆ?" ಎಂದರು ಮಗಳು.

ಅತ್ತೆ ಮೇಣದಬತ್ತಿ ತೆಗೆದುಕೊಂಡು ಬಗ್ಗಿದರು. ಕಂಡದ್ದು ಏನು? ಹಳದಿ ಬಣ್ಣದ ಒಂದು ದೊಡ್ಡ ಉಂಡೆ, ಅದರ ಸುತ್ತ ಮಬ್ಬು. ಕುಡಿ ಎಲ್ಲಿದೆಯೋ ತಿಳಿಯಲಿಲ್ಲ. ಅಣ್ಣನ ಮುಖ ದಿಂಬಿನ ಬಿಳಿಯಲ್ಲಿ ಕಲೆಸಿಹೋಗಿತ್ತು.

"ಅತ್ತೆ? ಹೇಳಿ ಅತ್ತೆ. ಹೋಗ್ಬಿಟ್ರಾ?"

ಕೋಣೆಯಲ್ಲಿದ್ದ ಎಲ್ಲರ ಕಣ್ಣು ಬೆನ್ನಿನ ಮೇಲೆ ಇದ್ದದ್ದು ಅತ್ತೆಗೆ ಗೊತ್ತಾಗುತ್ತಿತ್ತು. ನನಗೆ ಕಾಣುತ್ತಿಲ್ಲ ಎಂದು ಅನ್ನಬೇಕಿತ್ತು. ಸಣ್ಣ ಮಾತು. ಬದಲಿಗೆ ಬಂದದ್ದು ರೂಢಿಯ ಮಾತು.

"ಸ್ವಾಮೀ, ನಿತ್ಯ ವಿಶ್ರಾಂತಿಯನ್ನು ಇವರಿಗೆ ದಯಪಾಲಿಸಿ."

"ನಿತ್ಯ ಬೆಳಕು ಇವರ ಮೇಲೆ ಪ್ರಕಾಶಿಸಲಿ" ಎಂದಿತು ಕೋಣೆ. ಮಗಳು ಮುಖ ಮುಚ್ಚಿಕೊಂಡು ಗೋಳೋ ಎಂದರು. ಗಂಟೆ ಮಾಮ ಚಪ್ಪಲಿ ಸಿಕ್ಕದೆ ಬರಿಗಾಲಿನಲ್ಲೇ ಓಡಿದರು. ಸ್ವಲ್ಪದರಲ್ಲೇ ಗಂಟೆ ಶುರುವಾಯಿತು. ಬೀದಿ ನಿಂತಿತು. ಟೈಲರ್ ಮಿಷನ್ ನಿಲ್ಲಿಸಿ ಎದ್ದು ನಿಂತ. ಒಲೆಯೊಳಗಿನ ಬ್ರೆಡ್ಡಿನ ನೆನಪು ಯಾರಿಗೂ ಇರಲಿಲ್ಲ, ಸೀದ ವಾಸನೆ ಬರತೊಡಗಿತು.

ಅತ್ತೆಯ ಕೈಯಲ್ಲಿದ್ದ ಬತ್ತಿ ವಾಲಿತ್ತು. ಮುಂದಿನ ಪ್ರಾರ್ಥನೆ ಅರ್ಧಕ್ಕೆ ಬಂದಿರಬೇಕು, ಬಿಸಿ ಮೇಣದ ಒಂದು ಹನಿ ಅಣ್ಣನ ಕಿವಿಯ ಮೇಲೆ ಬಿತ್ತು.

"ಅಯ್ಯಯ್ಯೋ, ಉರೀ!"

ಹೆಣ ಎಂದುಕೊಂಡಿದ್ದವರು ಕಿವಿ ಹಿಡಿದುಕೊಂಡು ಮಗ್ಗುಲಾದರು. ಬಾಗಿಲಲ್ಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಅಣ್ಣ ಕಣ್ಣು ಬಿಟ್ಟು, ಸ್ವಲ್ಪ ಹೊತ್ತು ಹೊರಗಿನ ಸದ್ದಿಗೆ ಕಿವಿಗೊಟ್ಟು, ಮಗಳನ್ನು ಕೇಳಿದರು: "ಗಂಟೆ ಹೊಡೀತಿದೆಯಲ್ಲಮ್ಮ. ಯಾರು ಹೋದ್ರು?"

ಗಂಟೆ ಹೊಡೆಯುತ್ತಲೇ ಇತ್ತು. ನಿಲ್ಲಿಸಿ ಎಂದು ಹೇಳಲು ಇನ್ನೊಬ್ಬರು ಓಡಬೇಕಾಯಿತು. ಅತ್ತೆ ಬತ್ತಿಯನ್ನು ಬಾಯಿಂದ ಊದಿ ಆರಿಸಿ, ಗೋಡೆ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ನೋಡಿದರೂ ಯಾರ ಮುಖವೂ ಕಾಣುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಅವರಿಗೆ ಎಲ್ಲರ ಮುಖವೂ ಕಂಡ ಹಾಗಾಗಿತ್ತು.

ಬೀದಿಯವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ವಾಸಿಯಿತ್ತು. ಅವರು ನಕ್ಕರು.

"ಅತ್ತೆ, ನಮ್ಮನೆ ಕಡೆ ನೋಡ್ಬೇಡಿ, ನಾನಿನ್ನೂ ಇದೀನಿ" ಎಂದು ಹಾಲಿನವನು ದೂರದಿಂದಲೇ ಕೂಗುತ್ತಿದ್ದ.

"ಅತ್ತೇ, ನಮ್ಮ ಯಜಮಾನ್ರು ಮಧ್ಯಾಹ್ನ ಮಲಗಿದ್ದಾರೆ. ಗಂಟೆ ಮಾಮನಿಗೆ ಹೇಳ್ಬಿಟ್ಟೀರಾ ಮತ್ತೆ" ಎಂದು ಪಕ್ಕದ ಮನೆಯಾಕೆ.

ಅತ್ತೆ ಎಲ್ಲರ ಜೊತೆ ತಾವೂ ನಗುತ್ತಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಎಲ್ಲರೂ ಇದನ್ನು ಯಾರಿಗಾದರೂ ಆಗಬಹುದಾದ ತಪ್ಪು ಎಂದುಕೊಂಡಿದ್ದರು. ಉಸಿರು ಅಷ್ಟು ಸಣ್ಣದಾಗಿತ್ತು, ಡಾಕ್ಟರೇ ಆಗ ಇದ್ದಿದ್ದರೂ ತಿಳಿಯುತ್ತಿರಲಿಲ್ಲ ಎಂದು ಮಗಳೇ ಸಮಾಧಾನ ಹೇಳಿ ಕಳಿಸಿದ್ದರು. ಆ ಸಮಾಧಾನವೇ ಹೆಚ್ಚು ಚುಚ್ಚುತ್ತಿತ್ತು. ನೋಡಿ ತಪ್ಪಿದ್ದರೆ ತಪ್ಪು. ಅತ್ತೆ ನೋಡಿಯೇ ಇರಲಿಲ್ಲ. ಕಾಣುತ್ತಿಲ್ಲ ಎನ್ನುವ ನಾಚಿಕೆಗೆ ಜೀವವಿರುವ ಮನುಷ್ಯನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು.

ಪಾಪನಿವೇದನೆಗೆ ಹೋದರು. ಜಾಲರಿಯ ಈಚೆ ಮಂಡಿಯೂರಿ, "ಫಾದರ್, ಬದುಕಿರೋರ ಮೇಲೆ ನಿತ್ಯ ವಿಶ್ರಾಂತಿ ಹೇಳ್ಬಿಟ್ಟೆ" ಎಂದರು.

ಆಚೆಯಿಂದ ಸಣ್ಣ ನಗು ಕೇಳಿಸಿತು. "ನಂಗೂ ಗೊತ್ತಾಯ್ತಮ್ಮ. ಅದು ಪಾಪ ಅಲ್ಲ. ಪ್ರಾರ್ಥನೆ ಹಾಳಾಗಲ್ಲ. ಯಾರೂ ನೆನೆಯದ ಯಾವುದೋ ಆತ್ಮಕ್ಕೆ ಸೇರಿರುತ್ತೆ. ಮನಸ್ಸಿಗೆ ಹಚ್ಕೋಬೇಡಿ."

ಉಳಿದದ್ದನ್ನು ಹೇಳಲು ಅದೇ ಸಮಯವಾಗಿತ್ತು. ಹಿಂದೆ ಇನ್ನೂ ಜನ ಕಾಯುತ್ತಿದ್ದರು. ಅತ್ತೆ "ಸರಿ ಫಾದರ್" ಎಂದು ಎದ್ದುಬಂದರು. ಕ್ಷಮೆಯನ್ನೂ ನಿಜ ಮುಚ್ಚಿಟ್ಟು ಪಡೆದ ಹಾಗಾಯಿತು.

ಅಲ್ಲಿಂದ ಮುಂದೆ ಬೇಕರಿಯ ಮುಂದೆ ಓಡಾಡುವುದನ್ನು ಬಿಟ್ಟು, ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಹಿಂದೆ ತಾವು ಪ್ರಾರ್ಥನೆ ಹೇಳಿಸಿದ ಒಬ್ಬೊಬ್ಬರೂ ನೆನಪಾಗುತ್ತಿದ್ದರು. ಅವರ ಹೊತ್ತಿಗೆ ಕಣ್ಣು ಸರಿಯಿತ್ತೇ? ಮುಟ್ಟಿ ನೋಡಿದ್ದೆನೇ? ಮುಟ್ಟಿದ್ದು, ಮೈ ತಣ್ಣಗಿದ್ದದ್ದು ಚೆನ್ನಾಗಿ ನೆನಪಿದ್ದರೂ ಮತ್ತೆ ಮೊದಲಿಂದ ಲೆಕ್ಕ ಹಾಕುತ್ತಿದ್ದರು. ಆ ನಡುವೆ ಇಸ್ತ್ರಿ ಅಂಗಡಿಯ ಅಜ್ಜ ತೀರಿಕೊಳ್ಳುವ ಸ್ಥಿತಿಯಲ್ಲಿದ್ದಾಗ ಕರೆ ಬಂತು. ಅತ್ತೆ ಜ್ವರ ಎಂದು ಹೇಳಿ ಕಳಿಸಿ, ಹಗಲಿನಲ್ಲೇ ಹೊದ್ದುಕೊಂಡು ಮಲಗಿದರು. ಅಲ್ಲಿ ಪ್ರಾರ್ಥನೆ ಎತ್ತುವವರಿಲ್ಲದೆ ಜನ ಸುಮ್ಮನೆ ಕೂತಿದ್ದರಂತೆ. ಗಂಟೆ ಕೇಳಿದಾಗ ಅತ್ತೆ ಹೊದಿಕೆಯೊಳಗೇ 'ನಿತ್ಯ ವಿಶ್ರಾಂತಿ' ಎಂದರು. ಉತ್ತರ ಕೊಡಲು ಯಾರೂ ಇರಲಿಲ್ಲ. ಉತ್ತರವನ್ನೂ ತಾವೇ ಹೇಳಿಕೊಂಡರು.

ಬೇಕರಿ ಅಣ್ಣ ಪೂರ್ತಿ ಗುಣವಾಗಲಿಲ್ಲ, ಆದರೆ ದಿಂಬಿಗೆ ಒರಗಿ ಕೂರುವಷ್ಟಾದರು. ಒಂದು ಸಂಜೆ ಮಗಳು ಬಂದು, "ಅಪ್ಪ ಕರೀತಿದಾರೆ ಅತ್ತೆ. ಬರದಿದ್ರೆ ತಾನೇ ಬರ್ತಾರಂತೆ" ಎಂದರು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಕೋಣೆಯಲ್ಲಿ ಅಣ್ಣ ಒಬ್ಬರೇ ಇದ್ದರು. ಮಗಳು ಚಹಾ ಇಟ್ಟು ಅಂಗಡಿಗೆ ಹೋದರು.

"ಬಾಮ್ಮ ಕಾಜಾ. ಕೂತ್ಕೋ. ಹೆದರ್ಬೇಡ, ಇವತ್ತು ಸಾಯಲ್ಲ."

"ತಪ್ಪಾಯ್ತಣ್ಣ" ಎಂದರು ಅತ್ತೆ ನಿಂತೇ.

"ತಪ್ಪು ಇರ್ಲಿ. ನನಗೊಂದು ವಿಷಯ ಹೇಳು. ಮೇಣದಬತ್ತಿ ನನ್ನ ಕಿವಿ ಹತ್ರ ಯಾಕೆ ಹಿಡಿದೆ? ನಾನೇನು ಕಿವೀಲಿ ಉಸಿರಾಡ್ತೀನಾ?"

ಅತ್ತೆ ಬಾಗಿಲ ಕಡೆ ತಿರುಗಿದರು.

"ನನಗೆ ಅಷ್ಟೊತ್ತಿಗೆ ಸ್ವಲ್ಪ ಅರಿವಿತ್ತು. ಮಾತಾಡೋಕೆ ಆಗ್ತಿರಲಿಲ್ಲ ಅಷ್ಟೆ. ಕಣ್ಣು ಒಂಚೂರು ಬಿಟ್ಟು ನೋಡಿದೆ. ನೀನು ನನ್ನ ನೋಡ್ತಿರಲಿಲ್ಲ. ದಿಂಬು ನೋಡ್ತಿದ್ದೆ. ದಿಂಬಿಗೆ ನಿತ್ಯ ವಿಶ್ರಾಂತಿ ಕೊಟ್ಟೆ ನೀನು."

ಅತ್ತೆ ನೆಲದ ಮೇಲೇ ಕೂತರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಪೊರೆ ಅಣ್ಣ. ಎರಡೂ ಕಣ್ಣಿಗೆ" ಎಂದರು. ಆ ಮಾತು ಮೊದಲ ಸಲ ಬಾಯಿಂದ ಹೊರಬಿದ್ದದ್ದು ಆಗಲೇ.

"ಮಗಳಿಗೆ ಹೇಳಿದೀರಾ?" ಎಂದು ಅತ್ತೆಯೇ ಕೇಳಿದರು.

"ನಾನ್ಯಾಕೆ ಹೇಳ್ಲಿ? ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಹೇಳ್ಬೇಕಾದವಳು ನೀನು."

ಅಣ್ಣ ಚಹಾಕ್ಕೆ ಬ್ರೆಡ್ಡಿನ ಅಂಚು ಅದ್ದಿ ತಿಂದರು. ಆಮೇಲೆ ಅವರ ದನಿಯೂ ಇಳಿಯಿತು.

"ನನ್ನದೂ ಒಂದಿದೆ ಕೇಳು. ಅವತ್ತು ಗಂಟೆ ಕೇಳ್ದಾಗ, ಅದು ನನಗೇ ಅಂತ ಹೊಳೀಲಿಲ್ಲ, ನಾನು ಮಲಗಿದ್ದಲ್ಲೇ ಅಂದ್ಕೊಂಡೆ, ಇದಕ್ಕೆ ಎದ್ದು ನಿಲ್ಬೇಕು ಅಲ್ವಾ ಅಂತ. ಯಾವತ್ತೂ ನಿಂತವನಲ್ಲ ನಾನು. ಚರ್ಚಿನ ಎದುರಿಗೇ ಇದ್ದೀನಿ, ಊರೋರಿಗೆಲ್ಲ ಹೊಡೆದ ಗಂಟೆ ಮೊದಲು ನನಗೇ ಕೇಳ್ಸೋದು. ಹಿಟ್ಟು ಕೈಬಿಟ್ರೆ ಕೆಡುತ್ತೆ ಅಂತ ನಾದ್ತಾನೇ ಇರ್ತಿದ್ದೆ. ಆಮೇಲೆ ಹೇಳಿದ್ರಾಯ್ತು ಅಂತ. ಆಮೇಲೆ ಮರೆತುಹೋಗೋದು. ನಮ್ಮನೆಯವಳಿಗೆ ಹೊಡೆದಾಗ್ಲೂ ಹಾಗೇ ಮಾಡ್ದೆ. ಒಲೆಯಲ್ಲಿ ಬ್ರೆಡ್ ಇತ್ತು."

ಇನ್ನೊಬ್ಬರ ನಾಚಿಕೆಯನ್ನು ನೋಡಬಾರದು ಎನ್ನುವ ಹಾಗೆ ಅತ್ತೆ ತಲೆ ತಗ್ಗಿಸಿದರು.

"ಆ ಬಾಕಿ ಪ್ರಾರ್ಥನೆಗಳನ್ನ ಈಗ ಹೇಳ್ಬೇಕು. ನೀನು ಹೇಳ್ಸು, ನಾನು ಉತ್ತರ ಕೊಡ್ತೀನಿ. ಅದಕ್ಕೆ ಕಣ್ಣು ಬೇಡ ತಾನೆ?"

ಹಾಗೆ ದಿನಾ ಸಂಜೆ ಶುರುವಾಯಿತು. ಅಣ್ಣ ಸತ್ತವರನ್ನು ಒಬ್ಬೊಬ್ಬರಾಗಿ ನೆನಪಿಸಿಕೊಳ್ಳುವರು. ಆ ಉಪ್ಪು ಬಿಸ್ಕತ್ತು ಕೇಳುತ್ತಿದ್ದ ಮೇಷ್ಟ್ರು, ಆ ಬಾಯಿಬಡುಕಿ ಸೂಲಗಿತ್ತಿ, ನಿನ್ನೆಯ ಬ್ರೆಡ್ಡನ್ನೇ ಬೇಕೆನ್ನುತ್ತಿದ್ದ ಕಾವಲುಗಾರ. ಅತ್ತೆ 'ನಿತ್ಯ ವಿಶ್ರಾಂತಿ' ಎನ್ನುವರು, ಅಣ್ಣ ಏದುಸಿರಿನಲ್ಲೇ 'ನಿತ್ಯ ಬೆಳಕು' ಎನ್ನುವರು. ಹೆಂಡತಿಯ ಸರದಿ ಬಂದ ದಿನ ಉತ್ತರ ಬರಲು ತಡವಾಯಿತು. ಅತ್ತೆ ಕಾದರು.

ಪ್ರತಿ ಸಂಜೆ ಹೊರಡುವಾಗ ಅಣ್ಣ ಕೇಳುವರು: "ಹೇಳಿದ್ಯಾ?"

"ನಾಳೆ ಅಣ್ಣ."

"ನಾನೂ ಹಾಗೇ ಅಂತಿದ್ದೆ, ಕೈ ಹಿಟ್ಟಲ್ಲಿದ್ದಾಗ" ಎನ್ನುವರು. ಒಂದು ದಿನ ಮಾತ್ರ ಬೇರೆ ಹೇಳಿದರು. "ನನ್ನ ಹೊತ್ತು ಬಂದಾಗ ಬೇರೆ ಯಾರೂ ಬೇಡ, ನೀನೇ ಬರ್ಬೇಕು. ಆದ್ರೆ ಇನ್ನೊಂದು ಸಲ ದಿಂಬಿಗೆ ಹೇಳಿ ನನ್ನ ಕಳಿಸ್ಬೇಡ."

ಚಳಿ ಶುರುವಾದಾಗ ಅಣ್ಣನ ಎದೆ ಮತ್ತೆ ಕಟ್ಟಿತು. ಆ ಬೆಳಿಗ್ಗೆ ಕೋಣೆಯಲ್ಲಿ ಹಿಂದಿನ ಸಲಕ್ಕಿಂತ ಹೆಚ್ಚು ಜನ. ಕೆಲವರು ದುಃಖಕ್ಕೆ ಬಂದಿದ್ದರು, ಕೆಲವರು ಈ ಸಲ ಏನಾಗುತ್ತದೋ ನೋಡೋಣ ಎಂದು ಬಂದಿದ್ದರು. ಬಾಗಿಲ ಬಳಿ ಟೈಲರ್ ಗಂಟೆ ಮಾಮನಿಗೆ ಪಿಸುಗುಟ್ಟಿದ್ದು ಅತ್ತೆಗೆ ಕೇಳಿಸಿತು: "ಮಾಮ, ಈ ಸಲ ಚಪ್ಪಲಿ ಹಾಕ್ಕೊಂಡೇ ಹೋಗಿ. ಅವಸರ ಏನಿಲ್ಲ."

ಅತ್ತೆ ಜಪಸರ ಹೇಳಿಸಿದರು. ನಾಮ ಹೇಳಿದರು. ಉಸಿರಿನ ಸದ್ದು ದೂರವಾಗುತ್ತಾ ಹೋಗಿ ಕೇಳದಾಯಿತು. ಮಗಳು ಈ ಸಲ ಕೇಳಲಿಲ್ಲ, ಬರೀ ನೋಡಿದರು. ಅತ್ತೆ ಬತ್ತಿಯನ್ನು ಎತ್ತಿಕೊಂಡರು. ಅದೇ ಹಳದಿ ಉಂಡೆ, ಅದೇ ಮಬ್ಬು. ಯಾರೋ ಕೆಮ್ಮಿದರು. ಗೋಡೆಯಾಚೆ ಒಲೆಯಲ್ಲಿ ಬೆಂಕಿಯ ಸದ್ದು.

"ಮಗಳೇ" ಎಂದರು ಅತ್ತೆ. ಪ್ರಾರ್ಥನೆಯಲ್ಲಿ ನಡುಗದ ದನಿ ಈಗ ನಡುಗಿತು. "ನನಗೆ ಕಾಣ್ತಿಲ್ಲ. ನೀನೇ ನೋಡು."

"ಏನತ್ತೆ?"

"ಕಣ್ಣಿಗೆ ಪೊರೆ ಬಂದಿದೆ. ಹೋದ ಸಲವೂ ಕಂಡಿರಲಿಲ್ಲ. ಕಾಣದೇನೇ ಹೇಳ್ಬಿಟ್ಟಿದ್ದೆ. ಟೈಲರಪ್ಪ ಇಲ್ಲೇ ಇದಾನೆ, ಅವನೂ ಕೇಳಿಸ್ಕೊಳ್ಲಿ. ದಾರದ್ದೇನೂ ತಪ್ಪಿರಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಕೋಣೆಯ ಬಿಗಿ ಸ್ವಲ್ಪ ಸಡಿಲವಾಗುತ್ತಿತ್ತೇನೋ. ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು. ಮಗಳು ಮೆಲ್ಲಗೆ ಬತ್ತಿಯನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡು, ಅಪ್ಪನ ಮೂಗಿನ ಕೆಳಗೆ ಹಿಡಿದು ಬಗ್ಗಿದರು. ಅತ್ತೆ ಮನಸ್ಸಿನಲ್ಲೇ ಒಂದು 'ನಮೋ ಮರಿಯಾ' ಹೇಳಿದರು. ಇನ್ನೊಂದು ಹೇಳಿದರು.

"ಅಲುಗ್ತಿಲ್ಲ ಅತ್ತೆ" ಎಂದರು ಮಗಳು. ಬತ್ತಿಯನ್ನು ಕೆಳಗಿಳಿಸಿ, "ಹೇಳಿ" ಎಂದರು.

ಅತ್ತೆ ಕೈ ಚಾಚಿ ಅಣ್ಣನ ಮುಖ ಹುಡುಕಿದರು. ಮೊದಲು ದಿಂಬು ಸಿಕ್ಕಿತು. ಆಮೇಲೆ ಕಿವಿ, ಅದರ ಮೇಲೆ ಸುಟ್ಟಿದ್ದ ಸಣ್ಣ ಕಲೆಯ ಒರಟು. ಅಲ್ಲಿಂದ ಹಣೆ. ಹಣೆಯ ಮೇಲೆ ಅಂಗೈ ಇಟ್ಟುಕೊಂಡೇ ಹೇಳಿದರು: "ಸ್ವಾಮೀ, ನಿತ್ಯ ವಿಶ್ರಾಂತಿಯನ್ನು ಇವರಿಗೆ ದಯಪಾಲಿಸಿ."

"ನಿತ್ಯ ಬೆಳಕು ಇವರ ಮೇಲೆ ಪ್ರಕಾಶಿಸಲಿ."

ಬಾಗಿಲ ಬಳಿ ಗಂಟೆ ಮಾಮ ಎದ್ದು ನಿಂತರು. ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡೇ ಇದ್ದರು. ಮೊದಲೆಲ್ಲ 'ನಿತ್ಯ ವಿಶ್ರಾಂತಿ' ಕೇಳಿದ ಕೂಡಲೇ ಓಡುತ್ತಿದ್ದವರು ಈಗ ಓಡಲಿಲ್ಲ.

"ಹೊಡೀಲಾ ಅಮ್ಮ?" ಎಂದು ಕೇಳಿದರು.

ಕೇಳಿದ್ದು ಮಗಳನ್ನು. ಮಾಮನ ಮುಖ ಯಾವ ಕಡೆ ತಿರುಗಿದೆ ಎಂದು ಅತ್ತೆಗೆ ಕಾಣುತ್ತಿರಲಿಲ್ಲ, ಆದರೆ ದನಿ ತಮ್ಮನ್ನು ದಾಟಿಕೊಂಡು ಹೋದದ್ದು ತಿಳಿಯಿತು. ಅವರು ತಲೆ ತಗ್ಗಿಸಿದರು.

"ಹೊಡೀರಿ ಮಾಮ" ಎಂದರು ಮಗಳು.

ಗಂಟೆ ಶುರುವಾದಾಗ ಗೋಡೆಯಾಚೆ ಕೆಲಸದವರು ಹಿಟ್ಟಿನಿಂದ ಕೈ ತೆಗೆದು ನಿಂತರು. ಅತ್ತೆಯೂ ಮಂಚ ಹಿಡಿದುಕೊಂಡು ಎದ್ದು ನಿಂತರು. ಅವರ ಇನ್ನೊಂದು ಕೈ ಅಣ್ಣನ ಹಣೆಯ ಮೇಲೆಯೇ ಇತ್ತು. ಆ ಹಣೆ ನಿಧಾನವಾಗಿ ತಣ್ಣಗಾಗುತ್ತಿತ್ತು.